ಕೋಡ್‌ಪೈಪ್‌ಲೈನ್ ಪರ್ಮಿಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ಕೋಡ್‌ಪೈಪ್‌ಲೈನ್, ಅಂದರೆ ಕೋಡನ್ನು ತಾನಾಗಿ ಬಿಲ್ಡ್ ಮಾಡಿ ಸರ್ವರ್‌ಗೆ ತಲುಪಿಸುವ ವ್ಯವಸ್ಥೆ, ಕಟ್ಟೋದು ಅರ್ಧ ದಿನದ ಕೆಲಸ. ಯಾರಿಗೆ ಎಷ್ಟು ಪರ್ಮಿಷನ್ ಕೊಡಬೇಕು ಅನ್ನೋ ಚರ್ಚೆ ಮಾತ್ರ ವರ್ಷಗಟ್ಟಲೆ ಮುಗಿಯುವುದಿಲ್ಲ. ಚಾಟ್‌ನಲ್ಲಿ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ನಾನು ಅದೇ ಉತ್ತರ ಮತ್ತೆ ಟೈಪ್ ಮಾಡುತ್ತೇನೆ. ಸಾಕಾಗಿ ಹೋಗಿ ಒಂದು ಭಾನುವಾರ ಕೂತು ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಪರ್ಮಿಷನ್‌ಗಳ ಹೆಸರನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಒಮ್ಮೆ ಬಾಯಲ್ಲಿ ಹೇಳಿಕೊಳ್ಳಿ, ಕನ್ಸೋಲ್‌ನಲ್ಲಿ (ಎಡಬ್ಲ್ಯೂಎಸ್‌ನ ವೆಬ್ ಪುಟ) ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ.

ಪರ್ಮಿಷನ್ ಕೊಡಬೇಕಾದ್ದು ನನಗಾ, ಪೈಪ್‌ಲೈನ್‌ಗಾ?

ಇಬ್ಬರಿಗೂ. ಗೊಂದಲ ಶುರುವಾಗೋದೇ ಇಲ್ಲಿಂದ.

ದರ್ಶಿನಿಗೆ ಹೋಗಿದ್ದೀರಿ ಅಂತ ಇಟ್ಟುಕೊಳ್ಳಿ. ಕೌಂಟರ್‌ನಲ್ಲಿ ಟೋಕನ್ ತಗೊಂಡು ಒಳಗೆ ಕೊಡುತ್ತೀರಿ, ದೋಸೆ ಹಾಕುವವರು ಭಟ್ಟರು. ನೀವು ಕಾವಲಿ ಮುಟ್ಟಬೇಕಾಗಿಲ್ಲ. ಹಾಗೇ, ಪೈಪ್‌ಲೈನ್ ಓಡಿಸಲು ನಿಮಗೆ ಬೇಕಾದ್ದು ಸ್ಟಾರ್ಟ್‌ಪೈಪ್‌ಲೈನ್‌ಎಕ್ಸಿಕ್ಯೂಷನ್ ಅನ್ನುವ ಒಂದು ಪರ್ಮಿಷನ್, ಅದೇ ಟೋಕನ್. ಸರ್ವರ್ ಮುಟ್ಟುವುದು, ಬಕೆಟ್‌ಗೆ (ಎಸ್‌3 ಅನ್ನುವ ಫೈಲ್ ಸಂಗ್ರಹದ ಡಬ್ಬಿ) ಬರೆಯುವುದು, ಕ್ಲೌಡ್‌ಫಾರ್ಮೇಶನ್ ಸ್ಟ್ಯಾಕ್ (ಟೆಂಪ್ಲೇಟ್‌ನಿಂದ ಕಟ್ಟಿದ ಸರ್ವರ್, ಡೇಟಾಬೇಸ್ ಇತ್ಯಾದಿಗಳ ಗುಂಪು) ಬದಲಿಸುವುದು ಇವೆಲ್ಲ ಪೈಪ್‌ಲೈನ್‌ನ ಸರ್ವಿಸ್ ರೋಲ್, ಅಂದರೆ ಪೈಪ್‌ಲೈನ್ ತೊಟ್ಟುಕೊಳ್ಳುವ ಅಧಿಕಾರದ ಕಟ್ಟು, ಮಾಡುವ ಕೆಲಸ. ಇದರ ಜೊತೆಗೆ ಕೋಡ್ ಬಿಲ್ಡ್ ಮಾಡುವ ಸೇವೆ ಕೋಡ್‌ಬಿಲ್ಡ್‌ಗೆ ಅದರದೇ ಇನ್ನೊಂದು ರೋಲ್ ಇರುತ್ತದೆ. ಹೀಗಾಗಿ ಲೆಕ್ಕ ಮೂರು: ನೀವು, ಪೈಪ್‌ಲೈನ್ ರೋಲ್, ಬಿಲ್ಡ್ ರೋಲ್. ಯಾವುದಾದರೂ ಎರರ್ ಬಂದರೆ ಮೊದಲು ಕೇಳಿಕೊಳ್ಳಬೇಕಾದ್ದು, ಈ ಮೂವರಲ್ಲಿ ಯಾರಿಗೆ ಬಂತು ಅಂತ. ಎರರ್ ಸಾಲಿನ ಶುರುವಿನಲ್ಲೇ ಹೆಸರು ಇರುತ್ತದೆ, ಆದರೆ ಯಾರೂ ಓದೋದಿಲ್ಲ.

ರೆಡಿಮೇಡ್ ಪಾಲಿಸಿಗಳು ಇವೆಯಲ್ಲ, ಅವನ್ನೇ ಹಾಕಿದರೆ ಸಾಲದಾ?

ಶುರುವಿಗೆ ಸಾಕು. ಪಾಲಿಸಿ ಅಂದರೆ ಯಾರು ಏನು ಮಾಡಬಹುದು ಅನ್ನುವ ಪಟ್ಟಿ. ಎಡಬ್ಲ್ಯೂಎಸ್ ಕೊಡುವ ಪಾಲಿಸಿಗಳಲ್ಲಿ ನಿಮಗೆ ಹೆಚ್ಚು ಬೇಕಾಗುವುದು ಮೂರು: ಫುಲ್‌ಆಕ್ಸೆಸ್, ರೀಡ್‌ಓನ್ಲಿಆಕ್ಸೆಸ್, ಅಪ್ರೂವರ್‌ಆಕ್ಸೆಸ್. ಒಂದು ವಿಷಯ ನೆನಪಿರಲಿ, ಇವು ಯಾವುದೋ ಒಂದು ಪೈಪ್‌ಲೈನ್‌ಗೆ ಮಾತ್ರ ಅಂತ ಇಲ್ಲ, ಆ ಅಕೌಂಟ್‌ನ ಎಲ್ಲ ಪೈಪ್‌ಲೈನ್‌ಗೂ ಸೇರಿ. ಟೆಸ್ಟ್ ಟೀಮಿನವರಿಗೆ ಅಂತ ಅಪ್ರೂವರ್ ಕೊಟ್ಟರೆ ಅವರು ಪೇಮೆಂಟ್ ಪೈಪ್‌ಲೈನ್‌ಗೂ ಒಪ್ಪಿಗೆ ಒತ್ತಬಹುದು. ಅಕೌಂಟ್‌ನಲ್ಲಿ ಇರುವುದೇ ಎರಡು ಪೈಪ್‌ಲೈನ್ ಆದರೆ ಚಿಂತೆಯಿಲ್ಲ. ಇಪ್ಪತ್ತು ಇದ್ದರೆ ನಿಮ್ಮದೇ ಪಾಲಿಸಿ ಬರೆಯಿರಿ.

ಓಡಿಸಬಹುದು, ಆದರೆ ಬದಲಿಸುವ ಹಾಗಿಲ್ಲ. ಹೀಗೆ ಕೊಡೋದು ಹೇಗೆ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ, ಯಾಕಂದರೆ ಪೆಟ್ಟು ತಿಂದು ಕಲಿತದ್ದು.

ಹಿಂದೆ ಒಂದು ಕಡೆ ಕೆಲಸ ಮಾಡುತ್ತಿದ್ದಾಗ ಎಲ್ಲರಿಗೂ ಫುಲ್‌ಆಕ್ಸೆಸ್ ಇತ್ತು. ಪೈಪ್‌ಲೈನ್‌ಗಳ ಹೆಸರು 'ಪೇಮೆಂಟ್-ಪ್ರಾಡ್' ಮತ್ತು 'ಪೇಮೆಂಟ್-ಪ್ರೀಪ್ರಾಡ್' (ಪ್ರಾಡ್ ಅಂದರೆ ಗ್ರಾಹಕರು ಬಳಸುವ ಅಸಲಿ ಸಿಸ್ಟಮ್, ಪ್ರೀಪ್ರಾಡ್ ಅದಕ್ಕೆ ಮುಂಚಿನ ಪರೀಕ್ಷೆಯದ್ದು). ಪಟ್ಟಿಯಲ್ಲಿ ಒಂದರ ಕೆಳಗೆ ಒಂದು. ಗಣೇಶ ಹಬ್ಬದ ಹಿಂದಿನ ಸಂಜೆ, ಎಲ್ಲರೂ ಊರಿನ ಬಸ್ ಹಿಡಿಯುವ ಗಡಿಬಿಡಿಯಲ್ಲಿದ್ದಾಗ, ಹೊಸದಾಗಿ ಸೇರಿದ್ದ ಹುಡುಗ ಪ್ರೀಪ್ರಾಡ್ ಬದಲು ಪ್ರಾಡ್ ಸಾಲಿನ ಮೇಲೆ ಕ್ಲಿಕ್ ಮಾಡಿ, ಪೈಪ್‌ಲೈನ್ ಓಡಿಸುವ ರಿಲೀಸ್ ಚೇಂಜ್ ಬಟನ್ ಒತ್ತಿಬಿಟ್ಟ. ಅವನ ತಪ್ಪು ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಆ ಬಟನ್ ಅವನ ಕೈಗೆ ಸಿಗಲೇಬಾರದಿತ್ತು. ನಾನು ಮೆಜೆಸ್ಟಿಕ್‌ನಲ್ಲಿ ಬ್ಯಾಗ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಳೇ ವರ್ಷನ್ ವಾಪಸ್ ಹಾಕಿದೆ. ಬಸ್ ತಪ್ಪಿತು ಬಿಡಿ.

ಈಗ ಪಾಲಿಸಿ. ನೋಡಲು ಬೇಕಾದ್ದು ಗೆಟ್‌ಪೈಪ್‌ಲೈನ್, ಗೆಟ್‌ಪೈಪ್‌ಲೈನ್‌ಸ್ಟೇಟ್, ಲಿಸ್ಟ್‌ಪೈಪ್‌ಲೈನ್‌ಎಕ್ಸಿಕ್ಯೂಷನ್ಸ್. ಓಡಿಸಲು ಸ್ಟಾರ್ಟ್‌ಪೈಪ್‌ಲೈನ್‌ಎಕ್ಸಿಕ್ಯೂಷನ್. ಫೇಲ್ ಆದ ಹಂತವನ್ನು ಮತ್ತೆ ಓಡಿಸಲು ರಿಟ್ರೈಸ್ಟೇಜ್‌ಎಕ್ಸಿಕ್ಯೂಷನ್, ಇದು ಬೇರೆಯೇ ಪರ್ಮಿಷನ್, ಜನ ಇದನ್ನು ಮರೆತು ಆಮೇಲೆ 'ಸ್ಟಾರ್ಟ್ ಆಗುತ್ತೆ, ರಿಟ್ರೈ ಆಗಲ್ಲ' ಅಂತ ಬರುತ್ತಾರೆ. ರಿಸೋರ್ಸ್ ಜಾಗದಲ್ಲಿ ಸ್ಟಾರ್ (* ಅಂದರೆ ಎಲ್ಲವೂ) ಬೇಡ, ಪೈಪ್‌ಲೈನ್‌ನ ಎಆರ್‌ಎನ್ (ಎಡಬ್ಲ್ಯೂಎಸ್‌ನಲ್ಲಿ ಅದರ ಪೂರ್ತಿ ವಿಳಾಸ) ಹಾಕಿ. ರಿಟ್ರೈಗೆ ಆ ಎಆರ್‌ಎನ್ ಹಿಂದೆ ಓರೆಗೆರೆ ಹಾಕಿ ಸ್ಟೇಜ್ ಹೆಸರೂ ಸೇರಿಸಬೇಕು. ಎಲ್ಲ ಪೈಪ್‌ಲೈನ್‌ಗಳ ಪಟ್ಟಿ ತೋರಿಸುವ ಲಿಸ್ಟ್‌ಪೈಪ್‌ಲೈನ್ಸ್‌ಗೆ ಮಾತ್ರ ಸ್ಟಾರ್ ಇರಲಿ, ಪಟ್ಟಿ ನೋಡಿದರೆ ಯಾರ ಗಂಟೂ ಹೋಗಲ್ಲ. ಅಪ್‌ಡೇಟ್‌ಪೈಪ್‌ಲೈನ್, ಡಿಲೀಟ್‌ಪೈಪ್‌ಲೈನ್ ಕೊಡಬೇಡಿ, ಅಷ್ಟೇ. ಎಡಬ್ಲ್ಯೂಎಸ್‌ನ ಪರ್ಮಿಷನ್ ವ್ಯವಸ್ಥೆಯಾದ ಐಎಎಂನಲ್ಲಿ ಕೊಡದಿದ್ದರೆ ಇಲ್ಲ ಅಂತಲೇ ಅರ್ಥ.

ಅಂದ ಹಾಗೆ ಹೆಸರುಗಳನ್ನೂ ಬದಲಿಸಿದೆವು. ಪ್ರಾಡ್, ಪ್ರೀಪ್ರಾಡ್ ಅಂತ ಅಕ್ಕಪಕ್ಕ ಬರುವ ಹೆಸರು ಇಡಬೇಡಿ.

ಪೈಪ್‌ಲೈನ್ ಮಾಡಲು ಎಲ್ಲ ಪರ್ಮಿಷನ್ ಇದೆ, ಆದರೂ ಪಾಸ್‌ರೋಲ್ ಇಲ್ಲ ಅಂತ ಎರರ್. ಏನಿದು?

ಹೊಸ ಪೈಪ್‌ಲೈನ್ ಮಾಡುವಾಗ ನೀವು ಅದರ ಕೈಗೆ ಒಂದು ರೋಲ್ ಕೊಡುತ್ತೀರಿ, 'ಇದನ್ನು ಹಾಕಿಕೊಂಡು ಕೆಲಸ ಮಾಡು' ಅಂತ. ಹಾಗೆ ಕೊಡಲು ನಿಮಗೆ ಅಧಿಕಾರ ಇದೆಯಾ ಅಂತ ಎಡಬ್ಲ್ಯೂಎಸ್ ನೋಡುತ್ತದೆ. ಅದೇ ಐಎಎಂ ಪಾಸ್‌ರೋಲ್.

ಇಲ್ಲಿ ಬಹಳ ಜನ ಕೈ ಸುಟ್ಟುಕೊಳ್ಳುತ್ತಾರೆ. ಎರರ್ ಹೋದರೆ ಸಾಕು ಅಂತ ಪಾಸ್‌ರೋಲ್‌ಗೆ ರಿಸೋರ್ಸ್ ಸ್ಟಾರ್ ಹಾಕಿಬಿಡುತ್ತಾರೆ. ಆಗ ಏನಾಗುತ್ತದೆ ನೋಡಿ. ಅಕೌಂಟ್‌ನಲ್ಲಿ ಪೈಪ್‌ಲೈನ್ ಬಳಸಬಹುದಾದ ಅಡ್ಮಿನ್ ಮಟ್ಟದ ರೋಲ್ ಒಂದಿದ್ದರೆ, ಪೈಪ್‌ಲೈನ್ ಮಾಡುವುದು ಬಿಟ್ಟು ಸ್ವಂತಕ್ಕೆ ಬೇರೇನೂ ಅಧಿಕಾರವಿಲ್ಲದ ವ್ಯಕ್ತಿ ಹೊಸ ಪೈಪ್‌ಲೈನ್ ಮಾಡಿ ಆ ರೋಲ್ ಅದಕ್ಕೆ ತೊಡಿಸಿ, ತನಗೆ ಬೇಕಾದ್ದನ್ನೆಲ್ಲ ಅದರ ಕೈಲಿ ಮಾಡಿಸಬಹುದು. ಕಂಡೀಷನ್‌ನಲ್ಲಿ ಪಾಸ್ಡ್‌ಟುಸರ್ವಿಸ್ ಅಂತ ಹಾಕಿ ಕೋಡ್‌ಪೈಪ್‌ಲೈನ್‌ಗೆ ಮಾತ್ರ ಅಂತ ಕಟ್ಟಿ, ರಿಸೋರ್ಸ್‌ನಲ್ಲಿ ಒಂದೇ ರೋಲ್‌ನ ಎಆರ್‌ಎನ್ ಬರೆಯಿರಿ. ಇನ್ನೊಂದು ತಲೆನೋವು: ಪಾಸ್‌ರೋಲ್ ಅನ್ನೋದು ಎಪಿಐ ಕಾಲ್ ಅಲ್ಲ, ಬರೀ ತಪಾಸಣೆ. ಹಾಗಾಗಿ ಕ್ಲೌಡ್‌ಟ್ರೇಲ್‌ನಲ್ಲಿ (ಯಾರು ಯಾವ ಕಾಲ್ ಮಾಡಿದರು ಅನ್ನುವ ದಾಖಲೆ) ಆ ಹೆಸರಿನಲ್ಲಿ ಏನೂ ದಾಖಲಾಗುವುದಿಲ್ಲ. ಕ್ರಿಯೇಟ್‌ಪೈಪ್‌ಲೈನ್, ಅಪ್‌ಡೇಟ್‌ಪೈಪ್‌ಲೈನ್ ಕಾಲ್ ತೆರೆದು ಯಾವ ರೋಲ್ ಕೊಟ್ಟಿದ್ದಾರೆ ಅಂತ ನೋಡಬೇಕು.

ನಮ್ಮಲ್ಲಿ ಕನ್ಸೋಲ್‌ಗೆ ಇಬ್ಬರಿಗೆ ಮಾತ್ರ ಆಕ್ಸೆಸ್. ಹಾಗಾದರೆ ನಾವು ಸೇಫ್ ಅಲ್ವಾ?

ಕೋಡ್ ಇರುವ ಗಿಟ್ ರೆಪೋಗೆ ಪುಶ್ ಮಾಡುವವರು, ಅಂದರೆ ಬದಲಾವಣೆ ಕಳಿಸುವವರು, ಎಷ್ಟು ಜನ? ಅದು ನಿಜವಾದ ಲೆಕ್ಕ.

ಮೇಲೆ ದರ್ಶಿನಿಯ ಟೋಕನ್ ಹೇಳಿದೆ. ದೋಸೆ, ಇಡ್ಲಿ ಅಂತ ಅಚ್ಚಾದ ಟೋಕನ್ ಆದರೆ ಸರಿ. ಟೋಕನ್ ಮೇಲೆ ಗಿರಾಕಿಯೇ ಏನು ಬೇಕಾದರೂ ಬರೆದುಕೊಡಬಹುದು, ಭಟ್ಟರು ಕಣ್ಣು ಮುಚ್ಚಿ ಮಾಡಿಕೊಡುತ್ತಾರೆ ಅಂತಾದರೆ? ಬಿಲ್ಡ್‌ಸ್ಪೆಕ್ ಫೈಲ್, ಅಂದರೆ ಬಿಲ್ಡ್‌ನಲ್ಲಿ ಓಡಬೇಕಾದ ಕಮಾಂಡ್‌ಗಳ ಪಟ್ಟಿ, ಅದೇ. ಅದು ರೆಪೋದಲ್ಲೇ ಇರುತ್ತದೆ. ಅದರಲ್ಲಿರುವ ಪ್ರತಿ ಸಾಲೂ ಕೋಡ್‌ಬಿಲ್ಡ್ ರೋಲ್‌ನ ಅಧಿಕಾರದಲ್ಲಿ ಓಡುತ್ತದೆ. ಆ ರೋಲ್‌ಗೆ ಎಸ್‌3 ಪೂರ್ತಿ ಕೊಟ್ಟಿದ್ದರೆ, ಬಕೆಟ್ ಅಳಿಸುವ ಒಂದು ಸಾಲನ್ನು ಬಿಲ್ಡ್‌ಸ್ಪೆಕ್‌ನಲ್ಲಿ ಸೇರಿಸಿ ಪುಶ್ ಮಾಡಿದರೆ ಮುಗಿಯಿತು. ಕನ್ಸೋಲ್ ಲಾಗಿನ್ ಬೇಕಾಗಿಲ್ಲ, ಪಾಸ್‌ವರ್ಡೂ ಬೇಕಾಗಿಲ್ಲ. ಬಿಲ್ಡ್ ಕಂಟೇನರ್ ಒಳಗೆ ಆ ರೋಲ್‌ನ ತಾತ್ಕಾಲಿಕ ಕೀಗಳೂ ಸಿಗುತ್ತವೆ, ಅವನ್ನು ಹೊರಗೆ ಕಳಿಸುವುದೂ ಒಂದು ಸಾಲಿನ ಕೆಲಸ.

ಸರಿ, ಬಿಲ್ಡ್‌ಸ್ಪೆಕ್ ಅನ್ನು ರೆಪೋದಿಂದ ತೆಗೆದು ಕೋಡ್‌ಬಿಲ್ಡ್ ಪ್ರಾಜೆಕ್ಟ್ ಒಳಗೇ ಇಡೋಣ ಅಂತೀರಾ? ಸ್ವಲ್ಪ ಸಹಾಯ ಆಗುತ್ತದೆ. ಆದರೆ ಟೆಸ್ಟ್ ಕೋಡ್ ಓಡುತ್ತದೆ, ಜಾವಾದ ಮೇವನ್ ಪ್ಲಗಿನ್ ಓಡುತ್ತದೆ, ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ ಪ್ಯಾಕೇಜ್‌ಗಳ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡುತ್ತದೆ. ಅಂದರೆ ನಿಮ್ಮ ಸಹೋದ್ಯೋಗಿಗಳಷ್ಟೇ ಅಲ್ಲ, ನೀವು ಮುಖವನ್ನೇ ನೋಡದ ಯಾವುದೋ ಪ್ಯಾಕೇಜ್ ಬರೆದವರ ಕೈಯಲ್ಲೂ ಆ ರೋಲ್ ಇದ್ದ ಹಾಗೆ.

ನಾನು ಮಾಡುವುದು ಹೀಗೆ. ಬಿಲ್ಡ್ ರೋಲ್‌ಗೆ ಮೂರೇ ಕೆಲಸ: ಆರ್ಟಿಫ್ಯಾಕ್ಟ್ ಬಕೆಟ್‌ನಲ್ಲಿ (ಹಂತದಿಂದ ಹಂತಕ್ಕೆ ಹೋಗುವ ಫೈಲ್‌ಗಳ ಬಕೆಟ್) ತನ್ನ ಪೈಪ್‌ಲೈನ್‌ನ ಫೋಲ್ಡರ್ ಓದು-ಬರೆ, ತನ್ನ ಲಾಗ್ ಬರೆ, ಬೇಕಿದ್ದರೆ ಒಂದು ಇಸಿಆರ್ (ಕಂಟೇನರ್ ಇಮೇಜ್ ಇಡುವ ಸೇವೆ) ರೆಪೋಗೆ ಇಮೇಜ್ ಹಾಕು. ಡಿಪ್ಲಾಯ್ ಮಾಡುವ ಅಧಿಕಾರ ಬಿಲ್ಡ್‌ಗೆ ಇಲ್ಲವೇ ಇಲ್ಲ, ಅದಕ್ಕೆ ಬೇರೆ ಹಂತ, ಬೇರೆ ರೋಲ್. ಪುಲ್ ರಿಕ್ವೆಸ್ಟ್‌ಗೆ ಓಡುವ ಬಿಲ್ಡ್ ಇನ್ನೊಂದು ಪ್ರತ್ಯೇಕ ಪ್ರಾಜೆಕ್ಟ್, ಅದರ ರೋಲ್‌ಗೆ ಲಾಗ್ ಬರೆಯುವುದು ಬಿಟ್ಟರೆ ಏನೂ ಇಲ್ಲ. ಮೇನ್ ಬ್ರಾಂಚ್‌ಗೆ ಇನ್ನೊಬ್ಬರ ರಿವ್ಯೂ ಇಲ್ಲದೆ ಏನೂ ಸೇರಬಾರದು. ಕನ್ಸೋಲ್ ಪಟ್ಟಿ ನೋಡಿ ಸಮಾಧಾನ ಪಟ್ಟುಕೊಳ್ಳುವ ಆಡಿಟರ್‌ಗಳಿಗೆ ನಾನು ಮೊದಲು ತೋರಿಸುವುದು ಈ ಬ್ರಾಂಚ್ ಸೆಟ್ಟಿಂಗನ್ನೇ.

ಪಾಸ್‌ವರ್ಡ್‌ಗಳನ್ನು ಕೋಡ್‌ಬಿಲ್ಡ್ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಬಹುದಾ?

ಬೇಡ. ಪ್ಲೇನ್‌ಟೆಕ್ಸ್ಟ್ ಆಗಿ ಇಟ್ಟರೆ ಪ್ರಾಜೆಕ್ಟ್ ನೋಡಬಲ್ಲ ಎಲ್ಲರಿಗೂ ಕಾಣುತ್ತದೆ. ಪ್ಯಾರಾಮೀಟರ್ ಸ್ಟೋರ್ ಅಥವಾ ಸೀಕ್ರೆಟ್ಸ್ ಮ್ಯಾನೇಜರ್‌ನಲ್ಲಿಟ್ಟು ಹೆಸರು ಮಾತ್ರ ಕೊಡಿ. ಬಿಲ್ಡ್‌ನಲ್ಲಿ ಅದನ್ನು ಎಕೋ ಮಾಡಿ ಲಾಗ್‌ಗೆ ಬರೆಸಬೇಡಿ ಅಂತ ಬೇರೆ ಹೇಳಬೇಕಾ?

ನಮ್ಮ ಪೈಪ್‌ಲೈನ್ ಹಳೆಯದು. ಸರ್ವಿಸ್ ರೋಲ್ ತುಂಬ ದೊಡ್ಡದಿದೆ ಅನಿಸುತ್ತೆ.

ಖಂಡಿತ ಇರುತ್ತದೆ. ಕೋಡ್‌ಪೈಪ್‌ಲೈನ್ ಬಂದದ್ದು 2015ರಲ್ಲಿ. ಆ ಕಾಲದಿಂದ ಬಹಳ ವರ್ಷ ಕನ್ಸೋಲ್ ತಾನಾಗಿ ಮಾಡಿಕೊಡುತ್ತಿದ್ದ ರೋಲ್‌ನಲ್ಲಿ ಇಸಿ2, ಎಸ್‌3, ಆರ್‌ಡಿಎಸ್ (ಡೇಟಾಬೇಸ್), ಎಸ್‌ಕ್ಯೂಎಸ್, ಎಲಾಸ್ಟಿಕ್ ಬೀನ್‌ಸ್ಟಾಕ್, ಕ್ಲೌಡ್‌ಫಾರ್ಮೇಶನ್, ಆಟೋಸ್ಕೇಲಿಂಗ್ ಹೀಗೆ ಸಾಲಾಗಿ ಎಲ್ಲಕ್ಕೂ ಸ್ಟಾರ್, ರಿಸೋರ್ಸ್ ಕೂಡ ಸ್ಟಾರ್. ಎಸ್‌3ಯಲ್ಲಿ ಒಂದು ರಿಯಾಕ್ಟ್ ಸೈಟ್ ಹಾಕುವ ಪೈಪ್‌ಲೈನ್‌ಗೆ ಡೇಟಾಬೇಸ್ ಅಳಿಸುವ ಅಧಿಕಾರ! ಇದನ್ನು ನೋಡಿದ್ದೇನೆ, ತೆಗೆದೂ ಇದ್ದೇನೆ.

ತೆಗೆಯುವಾಗ ಒಂದೇ ಸಲ ಕತ್ತರಿ ಹಾಕಬೇಡಿ. ರೋಲ್ ತೆರೆದು ಲಾಸ್ಟ್ ಆಕ್ಸೆಸ್ಡ್ ಟ್ಯಾಬ್ ನೋಡಿ, ಯಾವ ಸರ್ವಿಸ್ ಎಂದೂ ಮುಟ್ಟಿಲ್ಲ ಅಂತ ಅಲ್ಲೇ ಕಾಣುತ್ತದೆ. ಐಎಎಂ ಆಕ್ಸೆಸ್ ಅನಲೈಜರ್ ಕ್ಲೌಡ್‌ಟ್ರೇಲ್‌ನ 90 ದಿನದವರೆಗಿನ ಚಟುವಟಿಕೆ ಓದಿ ಪಾಲಿಸಿಯ ಕರಡು ಬರೆದುಕೊಡುತ್ತದೆ. ಕರಡು ಅಂದೆ, ನೆನಪಿರಲಿ. ಮೂರು ತಿಂಗಳಿಗೊಮ್ಮೆ ಓಡುವ ಹಂತವೊಂದಿದ್ದರೆ ಅದು ಲೆಕ್ಕಕ್ಕೆ ಸಿಗದೇ ಹೋಗಿರಬಹುದು. ಪ್ರತಿ ಆಕ್ಷನ್‌ಗೂ ಬೇರೆ ರೋಲ್ ಕೊಡಬಹುದು ಅನ್ನೋದೂ ಬಹಳ ಜನಕ್ಕೆ ಗೊತ್ತಿಲ್ಲ. ಹಾಗೆ ಮಾಡಿದರೆ ಸರ್ವಿಸ್ ರೋಲ್ ತುಂಬ ಸಣ್ಣದಾಗುತ್ತದೆ, ಅದಕ್ಕೆ ಮುಖ್ಯವಾಗಿ ಬೇಕಾಗುವುದು ಆ ರೋಲ್‌ಗಳನ್ನು ಅಸ್ಯೂಮ್ ಮಾಡುವ (ಹಾಕಿಕೊಳ್ಳುವ) ಪರ್ಮಿಷನ್.

'ಸದ್ಯಕ್ಕೆ ಸ್ಟಾರ್ ಹಾಕು, ಆಮೇಲೆ ನೋಡೋಣ' ಅಂತ ಯಾರಾದರೂ ಹೇಳಿದರೆ ಅವರ ಹೆಸರಿಗೆ ಟಿಕೆಟ್ ಹಾಕಿ, ತಾರೀಖು ಸಮೇತ. ಮೂರು ವರ್ಷ ಹಳೆಯ 'ಸದ್ಯಕ್ಕೆ'ಗಳನ್ನು ನಾನು ತೆಗೆದಿದ್ದೇನೆ.

ಮ್ಯಾನುಯಲ್ ಅಪ್ರೂವಲ್ ಹಾಕಿದ್ದೇವೆ. ಕೋಡ್ ಬರೆದವರೇ ಒಪ್ಪಿಗೆ ಕೊಡೋದನ್ನು ಅದು ತಡೆಯುತ್ತದಾ?

ಇಲ್ಲ. ಕೋಡ್‌ಪೈಪ್‌ಲೈನ್‌ಗೆ ಯಾರು ಕಮಿಟ್ ಮಾಡಿದರು ಅನ್ನುವುದಕ್ಕೂ ಯಾರು ಅಪ್ರೂವ್ ಒತ್ತಿದರು ಅನ್ನುವುದಕ್ಕೂ ಸಂಬಂಧ ಇಲ್ಲ. ಪುಟ್‌ಅಪ್ರೂವಲ್‌ರಿಸಲ್ಟ್ ಪರ್ಮಿಷನ್ ಇದ್ದವರು ಯಾರು ಬೇಕಾದರೂ ಒತ್ತಬಹುದು. ಅದಕ್ಕೇ ಡೆವಲಪರ್ ಗುಂಪಿಗೆ ಈ ಪರ್ಮಿಷನ್ ಕೊಡಬೇಡಿ. ಕೊಡುವವರಿಗೂ ಒಂದೇ ಅಪ್ರೂವಲ್ ಆಕ್ಷನ್‌ಗೆ ಸೀಮಿತವಾಗಿ ಕೊಡಿ: ಎಆರ್‌ಎನ್‌ನಲ್ಲಿ ಪೈಪ್‌ಲೈನ್ ಹೆಸರು, ಓರೆಗೆರೆ, ಸ್ಟೇಜ್ ಹೆಸರು, ಓರೆಗೆರೆ, ಆಕ್ಷನ್ ಹೆಸರು. ದೊಡ್ಡಕ್ಷರ ಸಣ್ಣಕ್ಷರ ಸರಿಯಾಗಿರಬೇಕು. ಸುಮ್ನೆ ಕಣ್ಣಲ್ಲಿ ನೋಡಿ ಟೈಪ್ ಮಾಡಬೇಡಿ, ಕಾಪಿ ಮಾಡಿ.

ಯಾರೂ ಏನೂ ಒತ್ತದಿದ್ದರೆ? ಬೇರೆ ಸಮಯ ಇಟ್ಟಿಲ್ಲದಿದ್ದರೆ 7 ದಿನ ಕಾದು ಫೇಲ್ ಆಗುತ್ತದೆ. ದಸರಾ ರಜೆಗೆ ಹೋಗಿ ಬಂದವರಿಗೆ ಇದು ಚೆನ್ನಾಗಿ ಗೊತ್ತು.

ಪಾಲಿಸಿಯಲ್ಲಿ ಅಲೋ ಇದೆ. ನೂರು ಸಲ ನೋಡಿದ್ದೇನೆ. ಆದರೂ ಆಕ್ಸೆಸ್ ಡಿನೈಡ್!

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇದು ಅದೇ. ಐಎಎಂ ಪಾಲಿಸಿ ದೇವರು. ಪೂಜಾರಿಗಳು ತುಂಬ ಜನ: ಬಕೆಟ್ ಪಾಲಿಸಿ, ಕೆಎಂಎಸ್ (ಎನ್‌ಕ್ರಿಪ್ಷನ್) ಕೀ ಪಾಲಿಸಿ, ಪರ್ಮಿಷನ್ ಬೌಂಡರಿ (ಒಂದು ರೋಲ್‌ಗೆ ಹಾಕಿದ ಗರಿಷ್ಠ ಮಿತಿ), ಆರ್ಗನೈಸೇಶನ್ ಮಟ್ಟದ ಎಸ್‌ಸಿಪಿ (ಸರ್ವಿಸ್ ಕಂಟ್ರೋಲ್ ಪಾಲಿಸಿ). ಎಲ್ಲಾದರೂ ಒಂದು ಕಡೆ ಸ್ಪಷ್ಟವಾಗಿ ಡಿನೈ ಅಂತ ಇದ್ದರೆ ಬೇರೆ ಎಷ್ಟು ಅಲೋ ಇದ್ದರೂ ನಡೆಯುವುದಿಲ್ಲ.

ಎರರ್ ಸಾಲನ್ನು ಕೊನೆಯವರೆಗೆ ಓದಿ. ಕೊನೆಯಲ್ಲಿ 'ಬಿಕಾಸ್ ನೋ ಐಡೆಂಟಿಟಿ-ಬೇಸ್ಡ್ ಪಾಲಿಸಿ ಅಲೋಸ್' ಅಂತ ಇದ್ದರೆ ನಿಮ್ಮ ಪಾಲಿಸಿಯಲ್ಲೇ ಕೊರತೆ. 'ವಿತ್ ಆನ್ ಎಕ್ಸ್‌ಪ್ಲಿಸಿಟ್ ಡಿನೈ ಇನ್ ಎ ಸರ್ವಿಸ್ ಕಂಟ್ರೋಲ್ ಪಾಲಿಸಿ' ಅಂತ ಇದ್ದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ, ಪ್ಲಾಟ್‌ಫಾರ್ಮ್ ಟೀಮಿನವರ ಹತ್ತಿರ ಹೋಗಿ. ಅಲೋ ಕಣ್ಣೆದುರೇ ಇದ್ದರೂ ಮೊದಲನೆಯದೇ ಬರುತ್ತಿದ್ದರೆ ರೀಜನ್ ನೋಡಿ. ಪೈಪ್‌ಲೈನ್ ಮುಂಬೈನಲ್ಲಿ, ಅಂದರೆ ಎಪಿ-ಸೌತ್-1ರಲ್ಲಿ ಇರುತ್ತದೆ, ಎಲ್ಲಿಂದಲೋ ಕಾಪಿ ಮಾಡಿದ ಎಆರ್‌ಎನ್‌ನಲ್ಲಿ ಯುಎಸ್-ಈಸ್ಟ್-1 ಅಂತ ಉಳಿದಿರುತ್ತದೆ. ನಾನು ನೋಡಿದ ಕೇಸ್‌ಗಳಲ್ಲಿ ಇದೇ ಜಾಸ್ತಿ.

ಪಾಲಿಸಿ ಬದಲಿಸಿದ ಕೂಡಲೇ ಮತ್ತೆ ಒತ್ತಿ ಬೇಜಾರು ಮಾಡಿಕೊಳ್ಳಬೇಡಿ. ಬದಲಾವಣೆ ಎಲ್ಲ ಕಡೆ ತಲುಪಲು ಸ್ವಲ್ಪ ಹೊತ್ತು ಬೇಕು. ಒಂದು ಕಾಫಿ ಕುಡಿದು ಬನ್ನಿ.

ಪೈಪ್‌ಲೈನ್ ಒಂದು ಅಕೌಂಟ್‌ನಲ್ಲಿ, ಪ್ರೊಡಕ್ಷನ್ ಇನ್ನೊಂದರಲ್ಲಿ. ಏನೇನು ಬೇಕು?

ನಾಲ್ಕು ಕಡೆ ಬಾಗಿಲು ತೆಗೆಯಬೇಕು, ಒಂದು ಮರೆತರೂ ಆಗಲ್ಲ. ಪ್ರೊಡಕ್ಷನ್ ಅಕೌಂಟ್‌ನ ರೋಲ್ ಪೈಪ್‌ಲೈನ್ ಅಕೌಂಟನ್ನು ಟ್ರಸ್ಟ್ ಮಾಡಬೇಕು. ಪೈಪ್‌ಲೈನ್‌ನ ಸರ್ವಿಸ್ ರೋಲ್‌ಗೆ ಆ ರೋಲನ್ನು ಅಸ್ಯೂಮ್ ಮಾಡುವ ಪರ್ಮಿಷನ್ ಇರಬೇಕು. ಆರ್ಟಿಫ್ಯಾಕ್ಟ್ ಬಕೆಟ್‌ನ ಪಾಲಿಸಿ ಆ ಪ್ರೊಡಕ್ಷನ್ ರೋಲ್‌ಗೆ ಓದಲು ಬಿಡಬೇಕು. ನಾಲ್ಕನೆಯದು ಕೆಎಂಎಸ್ ಕೀ, ಎಲ್ಲರೂ ಎಡವುವ ಕಲ್ಲು ಇದೇ. ಎಡಬ್ಲ್ಯೂಎಸ್ ತಾನಾಗಿ ಕೊಡುವ ಎಸ್‌3 ಕೀಯನ್ನು ಬೇರೆ ಅಕೌಂಟ್ ಜೊತೆ ಹಂಚಿಕೊಳ್ಳಲು ಆಗುವುದಿಲ್ಲ. ನಿಮ್ಮದೇ ಕೀ ಮಾಡಿ, ತಿಂಗಳಿಗೆ 1 ಡಾಲರ್, ಅದರ ಕೀ ಪಾಲಿಸಿಯಲ್ಲಿ ಪ್ರೊಡಕ್ಷನ್ ರೋಲ್ ಹೆಸರು ಸೇರಿಸಿ. ಆ ರೋಲ್‌ನ ಪಾಲಿಸಿಯಲ್ಲೂ ಬಕೆಟ್, ಕೀ ಎರಡರ ಹೆಸರೂ ಇರಲಿ.

ಕ್ಲೌಡ್‌ಫಾರ್ಮೇಶನ್ ಬಳಸುತ್ತಿದ್ದರೆ ಅಲ್ಲಿ ಇನ್ನೊಂದು ರೋಲ್, ಇನ್ನೊಂದು ಪಾಸ್‌ರೋಲ್ ಬರುತ್ತದೆ. ತಲೆ ಬಿಸಿ ಆಗುತ್ತದೆ, ಗೊತ್ತು. ಒಂದು ಹಾಳೆಯಲ್ಲಿ ಬಾಣ ಹಾಕಿ ಬರೆದುಕೊಳ್ಳಿ.

ನಾವು ಬಿಲ್ಡ್ ಹೊರಗಿನ ಸಿಐ (ತಾನಾಗಿ ಬಿಲ್ಡ್, ಟೆಸ್ಟ್ ಮಾಡುವ) ಸೇವೆಯಲ್ಲಿ ಮಾಡುತ್ತೇವೆ. ಆಕ್ಸೆಸ್ ಕೀ ಅಲ್ಲಿ ಇಟ್ಟರೆ ತಪ್ಪಾ?

2023ರ ಜನವರಿ 4ರಂದು ಅಂಥದ್ದೇ ಒಂದು ಸೇವೆಯಾದ ಸರ್ಕಲ್‌ಸಿಐ ತನ್ನ ಗ್ರಾಹಕರಿಗೆಲ್ಲ, ನಮ್ಮಲ್ಲಿ ಇಟ್ಟ ಎಲ್ಲ ಸೀಕ್ರೆಟ್‌ಗಳನ್ನೂ ಬದಲಿಸಿ ಅಂತ ಹೇಳಿತು. ಅಲ್ಲಿನ ಒಬ್ಬ ಎಂಜಿನಿಯರ್ ಲ್ಯಾಪ್‌ಟಾಪ್‌ಗೆ ಮಾಲ್‌ವೇರ್ ಸೇರಿ, ಎರಡು ಹಂತದ ಪರಿಶೀಲನೆ ಆಗಲೇ ಮುಗಿಸಿದ್ದ ಲಾಗಿನ್ ಸೆಷನ್ ಕಳುವಾಗಿತ್ತು. ಅವಧಿ ಮುಗಿಯದ ಕೀ ಅಲ್ಲಿಟ್ಟವರೆಲ್ಲ ಕೂತು ಒಂದೊಂದೇ ಬದಲಿಸಬೇಕಾಯಿತು.

ಗಿಟ್‌ಹಬ್ ಆಕ್ಷನ್ಸ್ ಆಗಲಿ, ಗಿಟ್‌ಲ್ಯಾಬ್ ಆಗಲಿ, ಓಐಡಿಸಿ (ಕೀ ಬದಲು ಸಹಿ ಮಾಡಿದ ಗುರುತಿನ ಟೋಕನ್ ತೋರಿಸುವ ವಿಧಾನ) ಮೂಲಕ ರೋಲ್ ಕೊಡಿ. ಕೀ ಎಲ್ಲೂ ಇಡಬೇಕಾಗಿಲ್ಲ, ಪ್ರತಿ ಸಲ ಸ್ವಲ್ಪ ಹೊತ್ತಿಗೆ ಮಾತ್ರ ಹೊಸದು ಸಿಗುತ್ತದೆ. ಆದರೆ ರೋಲನ್ನು ಯಾರು ಹಾಕಿಕೊಳ್ಳಬಹುದು ಅಂತ ಹೇಳುವ ಟ್ರಸ್ಟ್ ಪಾಲಿಸಿಯಲ್ಲಿ ಸಬ್ ಕಂಡೀಷನ್ (ಯಾವ ರೆಪೋಗೆ ಅನ್ನುವ ಷರತ್ತು) ಇದೆಯಾ ನೋಡಿ. ಅದಿಲ್ಲದೆ ಆಡಿಯೆನ್ಸ್ (ಟೋಕನ್ ಯಾವ ಸೇವೆಗಾಗಿ ಅನ್ನುವುದು) ಮಾತ್ರ ತಪಾಸಿಸುವ ಹಳೆಯ ರೋಲ್ ಇದ್ದರೆ, ಗಿಟ್‌ಹಬ್‌ನ ಯಾರ ರೆಪೋ ಬೇಕಾದರೂ ನಿಮ್ಮ ರೋಲ್ ಹಾಕಿಕೊಳ್ಳಬಹುದು. ಯಾರದ್ದೇ ಆದರೂ.

ಟೀಮಿನಿಂದ ಒಬ್ಬರು ಬಿಟ್ಟು ಹೋದರು. ಏನು ಮಾಡಬೇಕು?

ಎಡಬ್ಲ್ಯೂಎಸ್ ಲಾಗಿನ್ ನೋಡಿಕೊಳ್ಳುವ ಐಡೆಂಟಿಟಿ ಸೆಂಟರ್‌ನಲ್ಲಿ ಅವರನ್ನು ತೆಗೆದುಹಾಕಿ. ಅಷ್ಟಕ್ಕೇ ನಿಲ್ಲಿಸಬೇಡಿ. ಆಗಲೇ ತೆಗೆದುಕೊಂಡಿದ್ದ ರೋಲ್ ಸೆಷನ್ ಅದರ ಅವಧಿ ಮುಗಿಯುವವರೆಗೂ ನಡೆಯಬಹುದು, ಅದು 1 ಗಂಟೆಯೂ ಆಗಬಹುದು, 12 ಗಂಟೆಯೂ ಆಗಬಹುದು. ಮನಸ್ತಾಪದಿಂದ ಹೋಗಿದ್ದರೆ ಹಳೆಯ ಸೆಷನ್‌ಗಳನ್ನೂ ರದ್ದು ಮಾಡಿ. ಐಎಎಂ ಯೂಸರ್ ಇದ್ದರೆ ಎರಡು ಆಕ್ಸೆಸ್ ಕೀ ಇರಬಹುದು, ಎರಡನ್ನೂ ನೋಡಿ. ಗಿಟ್‌ಹಬ್ ಆಕ್ಸೆಸ್ ತೆಗೆಯಲು ಮರೆಯಬೇಡಿ, ಯಾಕೆ ಅಂತ ಮೇಲೆ ಹೇಳಿದ್ದೇನೆ.

ಇನ್ನೊಂದು ಮಜಾ. ಹಳೆಯ ಪೈಪ್‌ಲೈನ್‌ಗಳಲ್ಲಿ ಗಿಟ್‌ಹಬ್ ಸೋರ್ಸ್ ವರ್ಷನ್ 1 ಇದ್ದರೆ ಅದು ಯಾರೋ ಒಬ್ಬರ ಓಆತ್ ಟೋಕನ್ (ಅವರ ಗಿಟ್‌ಹಬ್ ಅಕೌಂಟ್ ಪರವಾಗಿ ಒಳಗೆ ಬಿಡುವ ಕೀ) ಮೇಲೆ ನಿಂತಿರುತ್ತದೆ. ಅವರನ್ನು ತೆಗೆದ ಮರುದಿನ ಪೈಪ್‌ಲೈನ್ ನಿಲ್ಲುತ್ತದೆ, ಯಾರಿಗೂ ಕಾರಣ ತಿಳಿಯುವುದಿಲ್ಲ. ಹೊಸ ಕನೆಕ್ಷನ್‌ಗೆ ಬದಲಾಯಿಸಿ, ಅದು ಗಿಟ್‌ಹಬ್ ಆ್ಯಪ್ ಆಗಿ ಕಂಪನಿ ಅಕೌಂಟ್‌ನಲ್ಲಿ ಕೂರುತ್ತದೆ.

ಲಾಗ್ ಎಷ್ಟು ದಿನ ಇಡಬೇಕು?

ಕ್ಲೌಡ್‌ಟ್ರೇಲ್ ಈವೆಂಟ್ ಹಿಸ್ಟರಿ ಪುಕ್ಕಟೆ ತೋರಿಸುವುದು 90 ದಿನ. ಭಾರತದಲ್ಲಿ ಕೆಲಸ ಮಾಡುವ ಕಂಪನಿಗಳಿಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ 180 ದಿನ ಅಂತ ಇದೆ. ಸರಿಯಾಗಿ ಅರ್ಧ ಕಡಿಮೆ. ಹಾಗಾಗಿ ಒಂದು ಟ್ರೇಲ್ ಮಾಡಿ ಎಸ್‌3ಗೆ ಕಳಿಸಲೇಬೇಕು. ಆ ಬಕೆಟ್ ಮೇಲೆ ಪೈಪ್‌ಲೈನ್ ರೋಲ್‌ಗೆ ಯಾವ ಅಧಿಕಾರವೂ ಇರಬಾರದು. ಅದೇ ನಿರ್ದೇಶನದ ಪ್ರಕಾರ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್ ಎಲ್ಲಿದೆ ಅಂತ ಹುಡುಕಲು ಆ ಹೊತ್ತಿನಲ್ಲಿ ಪುರುಸೊತ್ತು ಇರುವುದಿಲ್ಲ.

ರಾತ್ರಿ 2 ಗಂಟೆಗೆ ಪ್ರೊಡಕ್ಷನ್ ಬಿದ್ದರೆ ಇಷ್ಟೆಲ್ಲ ಕಟ್ಟುಪಾಡು ಇಟ್ಟುಕೊಂಡು ಕೂರಬೇಕಾ?

ಬೇಡ. ತುರ್ತಿಗೆ ಅಂತಲೇ ಒಂದು ರೋಲ್ ಮೊದಲೇ ಮಾಡಿಡಿ. ಎಂಎಫ್‌ಎ (ಎರಡು ಹಂತದ ಪರಿಶೀಲನೆ) ಕಡ್ಡಾಯ, 1 ಗಂಟೆ ಅವಧಿ, ಯಾರಾದರೂ ಅದನ್ನು ಹಾಕಿಕೊಂಡ ಕೂಡಲೇ ಈವೆಂಟ್‌ಬ್ರಿಡ್ಜ್ (ಏನಾದರೂ ಆದಾಗ ಸುದ್ದಿ ಮುಟ್ಟಿಸುವ ಸೇವೆ) ಮೂಲಕ ಇಡೀ ಗುಂಪಿಗೆ ಮೆಸೇಜ್ ಹೋಗಬೇಕು. ಬಳಸಿದ್ದಕ್ಕೆ ಯಾರೂ ಬೈಯಬಾರದು, ಮೆಸೇಜ್ ಬರದಿದ್ದರೆ ಬೈಯಬೇಕು. ಆರು ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲೇ ಒಮ್ಮೆ ಬಳಸಿ ನೋಡಿ. ನಾವು ಮೊದಲ ಸಲ ನೋಡಿದಾಗ, ಎಂಎಫ್‌ಎ ಡಿವೈಸ್ ಇದ್ದದ್ದು ಆಗಲೇ ಕೆಲಸ ಬಿಟ್ಟು ಹೋದವರ ಫೋನಿನಲ್ಲಿ.

ನಾವು ಇರೋದೇ ಮೂರು ಜನ. ಇಷ್ಟೆಲ್ಲ ಮಾಡಬೇಕಾ?

ಎಲ್ಲ ಬೇಡ. ಅಪ್ರೂವಲ್, ಬೇರೆ ಬೇರೆ ಗುಂಪು, ಇವನ್ನು ಸದ್ಯ ಬಿಡಿ. ಎರಡು ಕೆಲಸ ಇವತ್ತೇ ಮಾಡಿ: ಬಿಲ್ಡ್ ರೋಲ್ ಸಣ್ಣದು ಮಾಡಿ, ಮೇನ್ ಬ್ರಾಂಚ್‌ಗೆ ರಿವ್ಯೂ ಕಡ್ಡಾಯ ಮಾಡಿ. ಹೌದು, ಈಗ ನಾನೇ 'ಸದ್ಯ' ಅಂದೆ. ನನ್ನ ಹೆಸರಿಗೂ ಒಂದು ಟಿಕೆಟ್ ಹಾಕಿ.